ಲಕ್ಕಮ್ಮನ ಅಕ್ಕಿ ಲೆಕ್ಕ

ಮಾನ್ಯರೇ,

ಅಕ್ಕಿ ಬೆಲೆ ಏರುತ್ತದೆ ಎಂಬ ಸುದ್ದಿ ಬಂದರೆ ಸಾಕು, ನಾವು ಒಂದು ಮೂಟೆ ಜಾಸ್ತಿ ತಂದಿಡುತ್ತೇವೆ. ನಾನೂ ತಂದಿಟ್ಟವನೇ, ಸುಳ್ಳೇಕೆ? 2020ರ ಲಾಕ್‌ಡೌನ್‌ನಲ್ಲಿ ಹಾಗೆ ತಂದ ಮೂಟೆಗೆ ಹುಳ ಬಿತ್ತು. ಆಗ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ.

12ನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಇಷ್ಟು ನಮಗೇಕೆ, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸ್ ಕಳಿಸಿದಳಂತೆ. ನಾಳೆಗೆ ಶಿವನಿದ್ದಾನೆ ಎಂಬ ಧೈರ್ಯ. ಆ ಬಡಮನೆಯಲ್ಲೇ ದಾಸೋಹವೂ ನಡೆಯುತ್ತಿತ್ತು! ಹಾಗಂತ ದೇವರ ಮೇಲೆ ಭಾರ ಹಾಕಿ ಸುಮ್ನೆ ಕೂತವರಲ್ಲ. ದಿನಾ ಬಗ್ಗಿ ಆಯಲೇಬೇಕಿತ್ತು.

ಈಗ ನಮ್ಮ ಮನೆಗೆ ಮೂಟೆ ಬಂದರೆ ಹೆಂಡತಿ ಮೊದಲು ಪಕ್ಕದ ಮನೆಗೆ ಎರಡು ಸೇರು ಅಳೆಯುತ್ತಾಳೆ.

– ಒಬ್ಬ ಓದುಗ, ರಾಯಚೂರು