ಡೇರಿ ಲೆಕ್ಕ ಪೈಸೆ ಪೈಸೆ ಗೊತ್ತು, ಸ್ಕೂಲ್ ಲೆಕ್ಕ ಯಾಕೆ ಗೊತ್ತಿಲ್ಲ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಕೋಲಾರ ಜಿಲ್ಲೇಲಿ ಹಾಲಿನ ಡೇರಿ ಇಲ್ಲದ ಊರು ಹುಡುಕೋದೇ ಕಷ್ಟ. ಆ ಡೇರೀಲಿ ವರ್ಷಕ್ಕೊಂದು ಸಲ ಸರ್ವ ಸದಸ್ಯರ ಸಭೆ ಅಂತ ನಡೆಯತ್ತಲ್ಲ, ಅಲ್ಲಿಗೆ ಹೋದವರಿಗೆ ಗೊತ್ತು, ಪ್ರಿಂಟ್ ಹಾಕ್ಸಿದ ವರದಿ ಕೈಗೆ ಕೊಡ್ತಾರೆ, ಆಡಿಟ್ ಆಗಿರತ್ತೆ, ಆದ್ರೂ ನಮ್ಮ ಜನ ಬಿಡಲ್ಲ, ಸಭೆ ಖರ್ಚು ಇಷ್ಟು ಯಾಕಾಯ್ತು, ಫೀಡ್ಸ್ ಮೂಟೆ ತರಿಸೋಕೆ ಸೆಕ್ರೆಟರಿ ಬಾಡಿಗೆ ಎಷ್ಟು ಬರ್ದಿದ್ದಾನೆ, ಈ ಸಲ ಬೋನಸ್ ಯಾಕೆ ಕಮ್ಮಿ ಅಂತ ಮೈಕ್ ಕಿತ್ಕೊಂಡು ಜಗಳ ಆಡ್ತಾರೆ. ಅದೇ ಜನಾನ ಅದೇ ಊರಿನ ಸರ್ಕಾರಿ ಸ್ಕೂಲಿಗೆ ಹೋದ ವರ್ಷ ಎಷ್ಟು ದುಡ್ಡು ಬಂತು ಅಂತ ಕೇಳಿ ನೋಡಿ, ಒಬ್ರ ಮುಖ ಒಬ್ರು ನೋಡ್ತಾರೆ.

ನನ್ನ ಇಬ್ರು ಮಕ್ಕಳು ಕೋಲಾರ ತಾಲ್ಲೂಕಿನ ಒಂದು ಹಳ್ಳಿ ಸರ್ಕಾರಿ ಶಾಲೇಲಿ ಓದ್ತಿದ್ದಾರೆ, ನನ್ನ ಹೆಂಡತಿ ಅಲ್ಲಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಮೆಂಬರ್ರು. ಊರ ಹೆಸರು ಬರೆಯಲ್ಲ, ಯಾಕಂದ್ರೆ ಮುಳಬಾಗಿಲು ಕಡೆ ಶ್ರೀನಿವಾಸಪುರ ಕಡೆ ನೆಂಟರ ಮನೇಲಿ ಮಾತು ಬಂದಾಗ್ಲೂ ಕೇಳೋದು ಹೆಚ್ಚೂಕಮ್ಮಿ ಇದೇ. ನನ್ನ ಹೆಂಡತಿ ಮೆಂಬರ್ ಆಗಿದ್ದು ಹೇಗೆ ಅಂದ್ರೆ, ಅರ್ಧದಷ್ಟು ಹೆಂಗಸರು ಇರ್ಬೇಕು ಅಂತ ಕಾನೂನಿದೆ, ಲೆಕ್ಕ ಭರ್ತಿ ಮಾಡ್ಬೇಕಿತ್ತು, ಹೆಸರು ಸೇರಿಸಿದ್ರು. ಮೀಟಿಂಗ್‌ಗೆ ಕರೆಯೋದು ಅಪರೂಪ. ನಡಾವಳಿ ಪುಸ್ತಕ ಮಾತ್ರ ಮಗಳ ಬ್ಯಾಗಲ್ಲಿ ಹೋಂವರ್ಕ್ ಜೊತೆ ಮನೆಗೆ ಬರತ್ತೆ. ಸೈನ್ ಹಾಕೋ ಜಾಗದಲ್ಲಿ ಪೆನ್ಸಿಲಲ್ಲಿ ಒಂದು ಟಿಕ್ ಇರತ್ತೆ, ಅದರ ಮೇಲೆ ಅರ್ಧ ಪುಟ ಖಾಲಿ. "ಅಮ್ಮಾ ಬೇಗ ಹಾಕು, ಮಿಸ್ ಅರ್ಜೆಂಟ್ ಅಂದ್ರು" ಅಂತ ಮಗಳು ಪಕ್ಕದಲ್ಲೇ ನಿಂತಿರ್ತಾಳೆ. ಆ ಖಾಲಿ ಜಾಗ ಆಮೇಲೆ "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ತುಂಬ್ಕೊಳ್ಳತ್ತೆ. ಒಂದ್ಸಲ ಅವಳು ಸೈನ್ ಹಾಕ್ದೆ ಪುಸ್ತಕ ವಾಪಸ್ ಕಳ್ಸಿದ್ಲು, ಮಾರನೇ ದಿನ ಅಧ್ಯಕ್ಷರೇ ಮನೆಗೆ ಬಂದು "ಏನಮ್ಮಾ, ನಮ್ಮ ಮೇಲೆ ನಂಬಿಕೆ ಇಲ್ವಾ ನಿಂಗೆ" ಅಂದ್ರು. ಲೆಕ್ಕ ಕೇಳಿದ್ರೆ ನಂಬಿಕೆ ವಿಷ್ಯ ಎತ್ತೋದು ನಮ್ಮ ಕಡೆ ಹಳೇ ಚಾಳಿ ಬಿಡಿ, ಡೇರೀಲಿ ಯಾರಾದ್ರೂ ಹೀಗಂದಿದ್ರೆ ಜನ ಸುಮ್ನೆ ಬಿಡ್ತಿದ್ರಾ.

ಕಾನೂನು ಏನು ಹೇಳತ್ತೆ ಅಂತ ನೋಡಿದ್ರೆ ಇನ್ನೂ ಬೇಜಾರಾಗತ್ತೆ. ನಮ್ಮ ರಾಜ್ಯದಲ್ಲಿ 2001ರಿಂದ್ಲೇ ಎಸ್‌ಡಿಎಂಸಿ ಇದೆ, ದೇಶಕ್ಕೆಲ್ಲ ಶಿಕ್ಷಣ ಹಕ್ಕು ಕಾಯ್ದೆ ಬಂದು 2010ರ ಏಪ್ರಿಲ್ 1ಕ್ಕೆ ಜಾರಿ ಆಗೋಕ್ಕಿಂತ ಎಷ್ಟೋ ಮುಂಚೆ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತೀಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಸಮಿತಿ ಮಾಡ್ಬೇಕಾದ ಕೆಲಸದಲ್ಲಿ ಒಂದು ಏನಂದ್ರೆ ಸರ್ಕಾರದಿಂದ, ಸ್ಥಳೀಯ ಸಂಸ್ಥೆಯಿಂದ ಅಥ್ವಾ ಬೇರೆ ಯಾವ್ದೇ ಕಡೆಯಿಂದ ಬಂದ ಅನುದಾನ ಹೇಗೆ ಖರ್ಚಾಗ್ತಿದೆ ಅಂತ ಮೇಲ್ವಿಚಾರಣೆ ಮಾಡೋದು. ಅಂದ್ರೆ ಲೆಕ್ಕ ನೋಡೋದು ನಾವು ಬೇಡ್ಕೊಂಡು ಪಡೆಯೋ ಉಪಕಾರ ಅಲ್ಲ, ಸಮಿತಿಗೆ ವಹಿಸಿರೋ ಕೆಲಸಾನೇ ಅದು. ಬ್ಯಾಗಲ್ಲಿ ಬರೋ ಪುಸ್ತಕಕ್ಕೆ ಸೈನ್ ಹಾಕೋದನ್ನ ಮೇಲ್ವಿಚಾರಣೆ ಅಂತ ಯಾರು ಒಪ್ತಾರೆ?

ದುಡ್ಡು ದೊಡ್ಡದೇನಲ್ಲ ಅಂತ ಕೆಲವರು ಹೇಳ್ತಾರೆ. ಸಮಗ್ರ ಶಿಕ್ಷಣ ಯೋಜನೇಲಿ ಶಾಲಾ ಅನುದಾನದ ದರ ಮಕ್ಕಳ ಸಂಖ್ಯೆ ಮೇಲೆ, 31ರಿಂದ 100 ಮಕ್ಕಳಿದ್ರೆ ವರ್ಷಕ್ಕೆ 25 ಸಾವಿರ, ಅದಕ್ಕಿಂತ ಜಾಸ್ತಿ ಇದ್ದು 250ರ ಒಳಗಿದ್ರೆ 50 ಸಾವಿರ, ಅದ್ರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಇಡ್ಬೇಕು. ನಿಜ, ಕಾಂಟ್ರಾಕ್ಟರ್ ಕಣ್ಣಿಗೆ ಇದು ಚಿಲ್ರೆ. ಆದ್ರೆ ಹೆಣ್ಮಕ್ಕಳ ಟಾಯ್ಲೆಟ್ ಬಾಗಿಲಿಗೆ ಚಿಲಕ ಹಾಕ್ಸೋದು, ಫಿನಾಯಿಲ್, ಸೋರೋ ಕೊಳಾಯಿ, ಸೀಮೆಸುಣ್ಣ, ರಿಜಿಸ್ಟರ್, ಎಲ್ಲಾ ಈ ಚಿಲ್ರೇಲೇ ಆಗ್ಬೇಕು, ನಮ್ಮ ಶಾಲೇಲಿ ಆ ಚಿಲಕ ಇನ್ನೂ ಆಗಿಲ್ಲ.

ಕೊನೆಗೆ ಹಠ ಹಿಡಿದು ಒಂದಿನ ಹೋಗಿ ವೋಚರ್ ಫೈಲ್ ನೋಡಿದ್ವಿ. ಪೇಂಟ್ ಅಂಗಡಿ ಬಿಲ್ಲು ಎರಡಿತ್ತು, ಒಂದಕ್ಕೆ ಜುಲೈ ತಾರೀಕು, ಇನ್ನೊಂದಕ್ಕೆ ಡಿಸೆಂಬರ್, ಬಿಲ್ ನಂಬರ್ ಮಾತ್ರ ಒಂದರ ಹಿಂದೆ ಒಂದು. ಐದು ತಿಂಗಳಲ್ಲಿ ಆ ಅಂಗಡೀಲಿ ಇನ್ಯಾರೂ ಒಂದು ಡಬ್ಬ ಬಣ್ಣ ತಗೊಂಡಿಲ್ವಾ ಅಂತ ಕೇಳಿದ್ದಕ್ಕೆ ಹೆಡ್ ಮೇಷ್ಟ್ರು ನಕ್ಕು ಸುಮ್ನಾದ್ರು. ಇದನ್ನ ಕಳ್ಳತನ ಅಂತ ನಾನು ಹೇಳ್ತಿಲ್ಲ, ಗೋಡೆಗೆ ಬಣ್ಣ ಬಿದ್ದಿರೋದು ಕಣ್ಣಾರೆ ಕಾಣತ್ತೆ. ಆಗೋದೇನು ಅಂದ್ರೆ ಅನುದಾನ ಜೂನ್‌ನಲ್ಲಿ ಬೇಕು, ಬರೋದು ತಡವಾಗಿ, ಕೆಲವು ಸಲ ವರ್ಷದ ಕೊನೇಲಿ, ಮಾರ್ಚ್ 31ರೊಳಗೆ ಮುಗಿಸಿ ಅಂತ ಮೇಲಿಂದ ಒತ್ತಡ, ಅಲ್ಲಿವರ್ಗೂ ಮೇಷ್ಟ್ರು ಕೈಯಿಂದ ಹಾಕಿ ಇಲ್ಲ ಅಂಗಡೀಲಿ ಸಾಲ ಹೇಳಿ ಆಮೇಲೆ ಒಟ್ಟಿಗೆ ಬಿಲ್ ಹೊಂದಿಸ್ತಾರೆ. ಆದ್ರೆ ಕೈಯಿಂದ ಹಾಕಿದ ಮೇಷ್ಟ್ರ ಫೈಲೂ ನುಂಗಿದವರ ಫೈಲೂ ಒಂದೇ ಥರ ಕಾಣತ್ತೆ ಅನ್ನೋದೇ ನನ್ನ ತಕರಾರು. ಲೆಕ್ಕ ಮುಚ್ಚಿಟ್ರೆ ಮೊದಲು ಹೆಸರು ಕೆಡೋದು ಪ್ರಾಮಾಣಿಕ ಮೇಷ್ಟ್ರದ್ದೇ, ಅರಳಿ ಕಟ್ಟೆ ಮೇಲೆ ಕೂತವರು ಎಲ್ರನ್ನೂ ಸೇರಿಸಿ "ತಿಂದ್ಬಿಟ್ರು" ಅಂತಾರೆ.

ಈಗಂತೂ ಈ ದುಡ್ಡು ಪಿಎಫ್‌ಎಂಎಸ್ ಅನ್ನೋ ಸರ್ಕಾರಿ ಹಣ ಪಾವತಿ ವ್ಯವಸ್ಥೇಲಿ ಆನ್‌ಲೈನಲ್ಲೇ ಹೋಗತ್ತೆ, ಯಾವ ಶಾಲೆ ಯಾರಿಗೆ ಎಷ್ಟು ಕೊಟ್ತು ಅಂತ ಬೆಂಗಳೂರಲ್ಲಿ ಕೂತು ನೋಡ್ಬಹುದು, ದೆಹಲಿಯಲ್ಲಿ ಕೂತು ನೋಡ್ಬಹುದು, ಶಾಲೆ ಕಾಂಪೌಂಡ್ ಪಕ್ಕದ ಮನೆಯವರಿಗೆ ಮಾತ್ರ ಕಾಣಲ್ಲ.

ಸರ್ಕಾರದ ದುಡ್ಡಿಗಾದ್ರೂ ಒಂದು ವೋಚರ್ ಇದೆ, ಹೊರಗಿಂದ ಬರೋದಕ್ಕೆ ಅದೂ ಇಲ್ಲ. ನರಸಾಪುರ, ವೇಮಗಲ್ ಕಡೆ ಕೈಗಾರಿಕಾ ಪ್ರದೇಶ ಆದ್ಮೇಲೆ ಸುತ್ತಮುತ್ತ ಶಾಲೆಗಳಿಗೆ ಸಿಎಸ್‌ಆರ್, ಅಂದ್ರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಅಂತ ಬೆಂಚು, ಕಂಪ್ಯೂಟರ್, ನೀರಿನ ಫಿಲ್ಟರ್ ಬರ್ತಿದೆ, 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2 ಹೀಗೆ ಖರ್ಚು ಮಾಡ್ಲೇಬೇಕು, ಬರ್ಲಿ ಸಂತೋಷ. ಬಂದ ದಿನ ರಿಬ್ಬನ್ನು, ಶಾಲು, ಫೋಟೋ. ಆಮೇಲೆ? ನಮ್ಮ ಶಾಲೇಲಿ ಕೊಟ್ಟ ಬೆಂಚು ಎಷ್ಟು ಅಂತ ಹರಿದು ಹೋಗಿರೋ ಬ್ಯಾನರ್ ಓದಿ ತಿಳ್ಕೋಬೇಕು, ಸ್ಟಾಕ್ ರಿಜಿಸ್ಟರಲ್ಲಿ ಬರ್ದಿಲ್ಲ. ಹಳೇ ವಿದ್ಯಾರ್ಥಿಗಳು ವಾರ್ಷಿಕೋತ್ಸವಕ್ಕೆ ಅಂತ ಎತ್ತಿದ ದುಡ್ಡಿನ ಕಥೇನೂ ಅಷ್ಟೇ, ಶಾಮಿಯಾನಕ್ಕೆ ಎಷ್ಟು ಹೋಯ್ತು ಅಂತ ಶಾಮಿಯಾನದವನಿಗೇ ಗೊತ್ತು.

ಇದರ ಮಧ್ಯೆ 2022ರ ಅಕ್ಟೋಬರಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ಗಲಾಟೆ ಆದ್ಮೇಲೆ ಕೆಲವೇ ದಿನದಲ್ಲಿ ವಾಪಸ್ ತಗೊಂಡಿದ್ದು ಎಲ್ರಿಗೂ ನೆನಪಿರ್ಬೇಕು. ಕೂಲಿಯವರ ಹತ್ರ ನೂರು ರೂಪಾಯಿ ಕೇಳೋದೇ ತಪ್ಪು, ಅದಿರ್ಲಿ, ಅದು ಎಲ್ಲಿಗೆ ಹೋಗತ್ತೆ ಅಂತ ಕೊಟ್ಟವರಿಗೆ ಯಾರು ಹೇಳ್ತಿದ್ರು? 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲೆಗಳಿಗೆ ಕರೆಂಟು ನೀರು ಫ್ರೀ ಅಂದ್ರು, ಒಳ್ಳೇದಾಯ್ತು, ಹಂಗಾದ್ರೆ ಮುಂಚೆ ಕರೆಂಟ್ ಬಿಲ್ಲಿಗೆ ಹೋಗ್ತಿದ್ದ ದುಡ್ಡು ಈಗ ಯಾವ್ದಕ್ಕೆ ಹೋಗ್ತಿದೆ ಅಂತ ಮೀಟಿಂಗಲ್ಲಿ ನನ್ನ ಹೆಂಡತಿ ಕೇಳಿದ್ಲು, "ಅದೆಲ್ಲ ಅಡ್ಜಸ್ಟ್ ಆಗತ್ತಮ್ಮಾ" ಅನ್ನೋ ಉತ್ತರ ಬಂತು.

ಮಾಹಿತಿ ಹಕ್ಕಲ್ಲಿ ಹಾಕಿ ಅಂತ ಸಲಹೆ ಕೊಡೋರಿದ್ದಾರೆ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ, ಗೊತ್ತು. ಆದ್ರೆ 2005ರ ಆ ಕಾಯ್ದೆಯ 4ನೇ ಸೆಕ್ಷನ್ ಇಂಥ ಮಾಹಿತೀನ ಯಾರೂ ಕೇಳೋ ಮುಂಚೆ ತಾವಾಗೇ ಪ್ರಕಟಿಸಿ ಅಂತ ಹೇಳತ್ತಲ್ಲ, ನಮ್ಮದೇ ಸಮಿತಿ ಲೆಕ್ಕಕ್ಕೆ ನಾವು ಅರ್ಜಿ ಹಾಕಿ ತಿಂಗಳು ಕಾಯೋದು ಯಾವ ನ್ಯಾಯ. ಊರಲ್ಲಿ ಅರ್ಜಿ ಹಾಕಿದವನಿಗೆ "ಆರ್‌ಟಿಐ ಗಿರಾಕಿ" ಅಂತ ಹೆಸರು ಬೀಳತ್ತೆ, ಮಕ್ಕಳು ದಿನಾ ಅದೇ ಮೇಷ್ಟ್ರ ಮುಂದೆ ಕೂರ್ಬೇಕು, ಅದನ್ನೂ ಯೋಚ್ನೆ ಮಾಡ್ಬೇಕಾಗತ್ತೆ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಶಾಲೆ ಗೋಡೆ ಮೇಲೆ ಭಾರತದ ನಕ್ಷೆ, ಪಂಚೇಂದ್ರಿಯಗಳು, ಸುವಿಚಾರ ಎಲ್ಲಾ ಬರೆಸಿದ್ದಾರೆ, ಪಕ್ಕದಲ್ಲೇ ನಾಲ್ಕಡಿ ಜಾಗಕ್ಕೆ ಕಪ್ಪು ಬಣ್ಣ ಬಳಿದು ಎಲ್ಲಿಂದ ಎಷ್ಟು ಬಂತು, ಯಾವ ಅಂಗಡಿಗೆ ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಮೂರು ತಿಂಗಳಿಗೊಂದ್ಸಲ ಬರೀಲಿ. ಹೇಗೂ ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಪೋಷಕರು ಧ್ವಜಾರೋಹಣಕ್ಕೆ ಬಂದಿರ್ತಾರೆ, ಭಾಷಣದಲ್ಲಿ ಹತ್ತು ನಿಮಿಷ ಕಮ್ಮಿ ಮಾಡಿ ಲೆಕ್ಕ ಓದಿ ಹೇಳ್ಲಿ, ಆಡುಮಾತಲ್ಲಿ, ನಮ್ಮ ಕಡೆ ಅರ್ಧ ಮನೇಲಿ ತೆಲುಗು, ಚಿಲ್ರೆ ಖರ್ಚು ಅನ್ನೋದನ್ನ "ಸಾದಿಲ್ವಾರು ವೆಚ್ಚ" ಅಂದ್ರೆ ಯಾರಿಗೆ ಅರ್ಥ ಆಗತ್ತೆ. ನಡಾವಳಿ ಪುಸ್ತಕ ಶಾಲೆ ಬಿಟ್ಟು ಹೊರಗೆ ಹೋಗ್ಬಾರ್ದು. ಅನುದಾನಾನ ಇಲಾಖೆ ಜೂನ್‌ನಲ್ಲೇ ಕೊಡ್ಲಿ, ಆಗ ಬಿಲ್ ಹೊಂದಿಸೋ ಕರ್ಮ ಮೇಷ್ಟ್ರಿಗೂ ತಪ್ಪತ್ತೆ. ಜಿಲ್ಲಾ ಪಂಚಾಯ್ತಿ ಸಿಇಒ ಮತ್ತೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು (ಡಿಡಿಪಿಐ) ಮನಸ್ಸು ಮಾಡಿದ್ರೆ ಇದಕ್ಕೆಲ್ಲ ಒಂದು ಪುಟದ ಆದೇಶ ಸಾಕು.

ನಾವು ಒಂದಷ್ಟು ಜನ ಪೋಷಕರು ಇಷ್ಟನ್ನೇ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡಿದ್ದೀವಿ. ಬೇರೆ ಊರಿನ ಎಸ್‌ಡಿಎಂಸಿ ಮೆಂಬರ್‌ಗಳು, ಅದ್ರಲ್ಲೂ ಬರೀ ಸೈನ್ ಹಾಕೋಕೆ ಕರೆಸಿಕೊಳ್ಳೋ ಅಕ್ಕತಂಗಿಯರು, ಇದೇ ಥರ ಒಂದು ಅರ್ಜಿ ಕೊಡಿ, ಸೀಲ್ ಹಾಕಿಸ್ಕೊಳ್ಳೋದು ಮಾತ್ರ ಮರೀಬೇಡಿ.

ಇಂತಿ,
ಒಬ್ಬ ಪೋಷಕ, ಕೋಲಾರ ತಾಲ್ಲೂಕು