‘ಪರದೆ ಹಾಕಿಕೊಳ್ಳಿ’ ಎಂಬುದು ಉತ್ತರವಲ್ಲ

ಮಾನ್ಯ ಸಂಪಾದಕರೇ,

2018ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ 10ನೇ ಮಹಡಿಯಲ್ಲಿರುವ ವೀಕ್ಷಣಾ ಗ್ಯಾಲರಿಗೆ ಹೋಗಿದ್ದೆವು. ಒಂದು ಕಡೆ ಥೇಮ್ಸ್ ನದಿ, ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. ಇನ್ನೊಂದು ಕಡೆ, 30 ಮೀಟರಿನಷ್ಟು ದೂರದಲ್ಲಿ ನಿಯೋ ಬ್ಯಾಂಕ್‌ಸೈಡ್ ಅಪಾರ್ಟ್‌ಮೆಂಟಿನ ಗಾಜಿನ ಮನೆಗಳು. ಒಂದರಲ್ಲಿ ಹೆಂಗಸೊಬ್ಬರು ಒಗೆದ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಿದರು, ನನ್ನನ್ನು ಕಂಡರು, ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು. ನೆರೆಯವರ ಖಾಸಗಿತನ ಗೌರವಿಸಿ ಎಂಬ ಸೂಚನೆ ಅಲ್ಲಿತ್ತು. ಅದನ್ನು ಓದಿಯೂ ನೋಡಿದೆನಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ಅಲ್ಲಿನ ಕೆಲ ನಿವಾಸಿಗಳು ಕೋರ್ಟಿಗೆ ಹೋದರು. 2019ರಲ್ಲಿ ಹೈಕೋರ್ಟಿನಲ್ಲಿ ಸೋತರು; ಪರದೆ ಹಾಕಿಕೊಳ್ಳಬಹುದಲ್ಲ ಎಂಬ ಮಾತು ಅಲ್ಲಿ ಬಂತು. 2020ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಕೊನೆಗೆ 2023ರ ಫೆಬ್ರುವರಿ 1ರಂದು ಸುಪ್ರೀಂ ಕೋರ್ಟ್ 3-2ರ ಬಹುಮತದಲ್ಲಿ ಅವರ ಪರ ತೀರ್ಪು ಕೊಟ್ಟಿತು. ಮೃಗಾಲಯದಲ್ಲಿ ಪ್ರದರ್ಶನಕ್ಕಿಟ್ಟಂಥ ಬದುಕು ಇದು, ತಪ್ಪಿಸಿಕೊಳ್ಳುವ ಹೊಣೆಯನ್ನು ತೊಂದರೆಗೆ ಸಿಕ್ಕವರ ಮೇಲೆಯೇ ಹೊರಿಸಬಾರದು ಎಂಬುದು ಆ ತೀರ್ಪಿನ ಸಾರ.

ಇದನ್ನೀಗ ಬರೆಯಲು ಕಾರಣವಿದೆ. ನಮ್ಮ ನಾಲ್ಕನೇ ಮಹಡಿಯ ಮನೆಗೆ ಎದುರಾಗಿ ಕಳೆದ ವರ್ಷ ಟೆರೇಸ್ ಹೋಟೆಲ್ ಶುರುವಾಗಿದೆ. 84 ವರ್ಷದ ನಮ್ಮತ್ತೆ ಶನಿವಾರ ಎಣ್ಣೆಸ್ನಾನ ಮಾಡಿ, ಬಾಲ್ಕನಿಯ ಬಿಸಿಲಿನಲ್ಲಿ ಮೊಣಕಾಲು ಚಾಚಿ ಕೂತು ಕೂದಲು ಹರವಿ ಒಣಗಿಸಿಕೊಳ್ಳುತ್ತಿದ್ದರು. ಈಗ ಅಡುಗೆಮನೆಯ ಮೂಲೆಯಲ್ಲಿ, ಟೇಬಲ್ ಫ್ಯಾನಿನ ಮುಂದೆ ಕೂರುತ್ತಾರೆ. ಹೋಟೆಲಿನವರನ್ನು ಕೇಳಿದರೆ, ‘ಬಾಲ್ಕನಿಗೆ ಬಿದಿರಿನ ಪರದೆ ಹಾಕಿಸಿಕೊಳ್ಳಿ ಮೇಡಂ’ ಅಂದರು. ಪರದೆ ಹಾಕಿದರೆ ಬಿಸಿಲೆಲ್ಲಿಂದ ಬರಬೇಕು?

ಬೆಂಗಳೂರಿನಲ್ಲಿ 250 ಮೀಟರ್ ಎತ್ತರದ ಸ್ಕೈಡೆಕ್ (ಮೇಲೇರಿ ಊರು ನೋಡುವ ಗೋಪುರ) ಕಟ್ಟುವ ಪ್ರಸ್ತಾವವೂ ಇದೆ. ಊರಿಗೊಂದು ಆಕರ್ಷಣೆ ಬರಲಿ, ನನಗೂ ಖುಷಿಯೇ. ಆದರೆ ಮೇಲೆ ನಿಂತವರಿಗೆ ಯಾರ ಮನೆಯೊಳಗೆಲ್ಲ ಕಾಣುತ್ತದೆ ಎಂಬುದನ್ನು ನಕ್ಷೆ ಒಪ್ಪುವ ಮೊದಲೇ ಪರಿಶೀಲಿಸಲಿ. ದುರ್ಬೀನು ಇಡುವುದಾದರೆ ಹತ್ತಿರದ ಮನೆಗಳತ್ತ ತಿರುಗದಂತೆ ಕೂಡಿಸಲಿ. ಟೆರೇಸ್ ಹೋಟೆಲುಗಳಿಗೆ ಪರವಾನಗಿ ಕೊಡುವಾಗ, ಮನೆಗಳಿರುವ ಬದಿಗೆ ಆಳೆತ್ತರದ ಮಬ್ಬುಗಾಜು ಕಡ್ಡಾಯ ಮಾಡಲಿ. ಇದೇನೂ ಆಗದ ಹೋಗದ ಮಾತಲ್ಲ. ಸಿಂಗಪುರದ ಬುಕಿಟ್ ಪಂಜಾಂಗ್ ಮಾರ್ಗದಲ್ಲಿ ರೈಲು ವಸತಿ ಕಟ್ಟಡಗಳ ಹತ್ತಿರ ಬಂದಾಗ ಕಿಟಕಿಯ ಗಾಜು ತಾನಾಗಿಯೇ ಮಬ್ಬಾಗುತ್ತದೆ. ಅಲ್ಲಿ ಪರದೆ ಹಾಕಿಕೊಳ್ಳುವುದು ರೈಲು, ಮನೆಯವರಲ್ಲ.

– ನಿವೃತ್ತ ಶಿಕ್ಷಕಿ, ಜಯನಗರ, ಬೆಂಗಳೂರು