ಮೋರಿ ಬಿಡಿಸಿ ಕೊಡಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಕಾಸರಗೋಡು ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಶಿರಿಯ ಹೊಳೆಯ ಅಳಿವೆ ಬದಿಯವಳು ನಾನು. ನಮ್ಮ ಮನೆಯ ಕೆಳಗಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಕಡಲ ಭರತದ ನೀರು ಹೋಗಿ ಬರುತ್ತಿದ್ದ ತೋಡಿನ ಮೋರಿಯನ್ನು ಯಾರೋ ರಾತ್ರೋರಾತ್ರಿ ಟಿಪ್ಪರಿನಲ್ಲಿ ಕಲ್ಲುಮಣ್ಣು ತಂದು ಸುರಿದು ಮುಚ್ಚಿದ್ದಾರೆ. ಬಿಡಿಸಿ ಕೊಡಿ ಎಂದು ಕಚೇರಿ ಕಚೇರಿ ಅಲೆದು ಸಾಕಾಗಿದೆ. ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಮಲಯಾಳದಲ್ಲಿ ಉತ್ತರ ಬಂತು. ಓದಿಸಿಕೊಂಡರೆ, ಪರಿಶೀಲನೆಯಲ್ಲಿದೆ ಎಂದಷ್ಟೇ ಇತ್ತು.

ಒಂದು ಕಚೇರಿಯಲ್ಲಿ ಕೂತವರು ನನ್ನ ಅತ್ತೆಯ ಮುಖ ನೋಡಿಯೇ ಹೇಳಿದರು: "ಅಲ್ಲಿರುವುದು ಬರೀ ಕೆಸರು, ಏಡಿ. ಯಾರಿಗೇನು ನಷ್ಟ?"

ಅತ್ತೆ ಆಯುಷ್ಯವಿಡೀ ಆ ಕೆಸರಲ್ಲೇ ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕಿ ಮಕ್ಕಳನ್ನು ಸಾಕಿದವರು. ಬಗ್ಗಿ ನೋಡುವುದೇ ಇಲ್ಲ, ಕಾಲಬೆರಳಲ್ಲಿ ತಡವಿದರೆ ಗೊತ್ತಾಗುತ್ತದೆ ಅವರಿಗೆ. ಕಳೆದ ಬೇಸಗೆಯಲ್ಲಿ, ಮೋರಿ ಮುಚ್ಚಿ ನೀರಿಲ್ಲದೆ ಕಾದ ಆ ಕೆಸರಲ್ಲಿ ಕಾಲಿಡಲಾಗದೆ ವಾಪಸು ಬಂದರು. ಅಂಗಾಲು ಕೆಂಪಗಾಗಿತ್ತು. ಮರುವಾಯಿಗಳೆಲ್ಲ ಬಾಯಿ ಬಿಟ್ಟು ಸತ್ತು ಬಿದ್ದಿದ್ದವು. ನಾತಕ್ಕೆ ಮನೆಯ ಕಿಟಕಿ ತೆರೆಯಲಾಗಲಿಲ್ಲ. ಆ ಬೇಸಗೆಯ ಅವರ ಸಂಪಾದನೆ ಅಲ್ಲಿಗೆ ಮುಗಿಯಿತು. ಇದು ನಷ್ಟವಲ್ಲವೇ?

ಬಿಸಿಲು ಈ ಜೀವಿಗಳಿಗೆ ಹೊಸತಲ್ಲ. ಇಳಿತದ ಹೊತ್ತಿಗೆ ಮರುವಾಯಿ ಚಿಪ್ಪು ಬಿಗಿದು, ಒಳಗಿನ ನೀರು ಆರದಂತೆ ಹಿಡಿದುಕೊಂಡು ಕಾಯುತ್ತದೆ. ಐದಾರು ಗಂಟೆ ತಡೆದರೆ ಭರತ ಬರುತ್ತದೆ ಎಂಬುದು ಅದರ ಬದುಕು. ಇಕ್ಕಳದಂಥ ಒಂದು ಕೊಂಬು ಮಾತ್ರ ದೊಡ್ಡದಿರುವ ಸಣ್ಣ ಏಡಿಗಳಿವೆಯಲ್ಲ, ಬಿಸಿಲೇರಿದರೆ ಅವುಗಳ ಮೈಬಣ್ಣವೇ ಬಿಳಿಚಿಕೊಳ್ಳುತ್ತದೆ. ಮೈ ಕಾದಾಗ ಬಿಲಕ್ಕಿಳಿದು, ಒದ್ದೆಯಾಗಿ ತಂಪಾಗಿ ಮತ್ತೆ ಮೇಲೆ ಬರುತ್ತವೆ. ಕೆಸರಲ್ಲಿ ಕುಪ್ಪಳಿಸುವ ಮೀನು ಚರ್ಮದಿಂದಲೂ ಉಸಿರಾಡುತ್ತದೆ. ಆ ಚರ್ಮ ಒಣಗಬಾರದೆಂದು ಹಸಿ ಕೆಸರಲ್ಲಿ ಮಗ್ಗುಲು ಹೊರಳಿಸುತ್ತದೆ. ಬಸವನಹುಳುಗಳು ಕಾಂಡ್ಲಾ ಬೊಡ್ಡೆ ಹತ್ತಿ ಬಾಯಿ ಮುಚ್ಚಿ ಕೂರುತ್ತವೆ. ಬೆಳ್ಳಕ್ಕಿಗೆ ಬೆವರಿಲ್ಲ, ಕೊಕ್ಕು ತೆರೆದು ಗಂಟಲು ಅದುರಿಸಿ ಮೈಯ ಬಿಸಿ ಕಳೆಯುತ್ತದೆ. ಎಲ್ಲಕ್ಕೂ ಬೇಕಾದದ್ದು ಒಂದೇ, ನೀರು. ಬಿಲದ ತಳದಲ್ಲಿ ನೀರಿಲ್ಲದಿದ್ದರೆ ಏಡಿ ಎಲ್ಲಿಗೆ ಇಳಿಯಬೇಕು? ತೋಡಲ್ಲಿ ನಿಂತ ಚೂರು ನೀರೂ ಕಾದು, ಅದರಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಮರಿಗಳು ಬಾಯಿ ಮೇಲೆ ಮಾಡುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಮೋರಿ ಬಿಡಿಸಿ ಕೊಡಿ ಸ್ವಾಮಿ.

ಕಾಯಿದೆ ನಿಮಗೆ ನಾನು ಹೇಳಬೇಕಾಗಿಲ್ಲ. 2008ರ ಗದ್ದೆ-ಜೌಗುಭೂಮಿ ಸಂರಕ್ಷಣಾ ಕಾಯಿದೆ ನಮ್ಮ ಕೇರಳ ರಾಜ್ಯದ್ದೇ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಕಾಂಡ್ಲಾ ಕಾಡು ಅತಿ ಸೂಕ್ಷ್ಮ ಪ್ರದೇಶ. ಬೇಸಗೆ ಏರಿದಾಗ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದೆಂದು ಸರಕಾರವೇ ಆದೇಶ ಮಾಡುತ್ತದೆ. ಒಳ್ಳೆಯ ಆದೇಶ ಅದು, ಬಿಸಿಲಿನ ಆ ಕಾಳಜಿ ಈ ಜೀವಿಗಳಿಗೂ ಸಿಗಲಿ. ಬಿಳಿಹೊಟ್ಟೆಯ ಕಡಲಹದ್ದನ್ನು ಜಿಲ್ಲೆಯ ಹಕ್ಕಿ ಎಂದು ಸಾರಿದಾಗಲೂ ನನಗೆ ನಿಜಕ್ಕೂ ಸಂತೋಷವಾಗಿತ್ತು. ಆ ಹದ್ದು ಮೀನು ಹಿಡಿಯುವುದು ಇಂಥ ಅಳಿವೆಗಳಲ್ಲೇ. ಇಲ್ಲಿ ಮೀನುಮರಿ ಸಾಯಲು ಬಿಟ್ಟು ಹದ್ದನ್ನು ಉಳಿಸುವುದು ಹೇಗೆಂದು ನಿಮ್ಮನ್ನೇ ಕೇಳುತ್ತೇನೆ.

ಸುರಿದವರು ಯಾರು, ಜಾಗ ಯಾರದ್ದು, ದಂಡ ಎಷ್ಟು ಎಂಬುದೆಲ್ಲ ನೀವು ಆಮೇಲೆ ನೋಡಿದರೂ ನಮ್ಮ ತಕರಾರಿಲ್ಲ. ಫೆಬ್ರವರಿಯ ಬಿಸಿಲು ಬರುವ ಮೊದಲು ಮಣ್ಣು ತೆಗೆಸಿ, ಮೋರಿ ಬಿಡಿಸಿ. ಕಾಗದದಲ್ಲಿ ಉತ್ತರ ಬೇಡ, ತೋಡಿನಲ್ಲಿ ನೀರು ಬರಲಿ. ಕಾಂಡ್ಲಾ ಗಿಡಗಳನ್ನು ತುಳಿಯದೆ ಜೆಸಿಬಿ ಬರಲು ನಮ್ಮ ಅಂಗಳದಲ್ಲೇ ದಾರಿ ಇದೆ. ಬೇಲಿ ನಾವೇ ಬಿಚ್ಚಿ ಕೊಡುತ್ತೇವೆ.

ಇತಿ,
ಶಿರಿಯ ಅಳಿವೆ ಬದಿಯ ನಿವಾಸಿ